ಬಳ್ಳಾರಿಯ ಬಯಲಿನಲ್ಲಿ ಅರ್ಧ ತಾಸು

ಕರಾಚಿಯಿಂದ ಬಳ್ಳಾರಿಗೆ ವಿಮಾನದಲ್ಲಿ ಒಂದೂವರೆ ದಿವಸ. ನಸುಕಿನಲ್ಲಿ ಕರಾಚಿ ಬಿಟ್ಟರೆ ಅಹಮದಾಬಾದಿನಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು, ಹೊತ್ತು ಇಳಿಯುವುದರೊಳಗೆ ಮುಂಬಯಿ. ಅಲ್ಲಿ ರಾತ್ರಿ ವಸತಿ. ಮರುದಿನ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಬಳ್ಳಾರಿ. ಎಲ್ಲಾ ಕೂಡಿ ಸಾವಿರ ಮೈಲಿಗೂ ಮೇಲೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಗಂಡನ ಕಾಗದಗಳನ್ನು ಅತ್ತೆಯ ಮುಂದೆ ಓದಿ ಓದಿ ಬಾಯಿಪಾಠವಾಗಿದ್ದು. ಈಗಿನವರು ಯಾರಾದರೂ ನನ್ನೆದುರು ಕೂತು, ಈಗ ದೂರ ಅನ್ನುವುದೇ ಉಳಿದಿಲ್ಲ ಅಂತ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಮಾತು ನನಗೆ ಹೊಸದಲ್ಲ. ನನ್ನ ಗಂಡ ಅದನ್ನೇ ಮೂವತ್ತರ ದಶಕದ ಮೊದಲಲ್ಲಿ ತಿಂಗಳಿಗೆರಡು ಸಲ ಬರೆದು ಕಳಿಸುತ್ತಿದ್ದರು.

ಧಾರವಾಡದ ಮಾಳಮಡ್ಡಿಯ ಮನೆಗೆ ನಾನು ಸೊಸೆಯಾಗಿ ಬಂದಾಗ ಅಲ್ಲಿ ಇದ್ದವರು ಇಬ್ಬರೇ, ಅತ್ತೆ ಮತ್ತು ಅವರ ಒಬ್ಬನೇ ಮಗ. ಮಾವನವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅತ್ತೆ ವಿಧವೆಯರ ಕೆಂಪು ಸೀರೆ ಉಟ್ಟ ಮಡಿ ಹೆಂಗಸು, ತಲೆಯ ಮೇಲಿನ ಸೆರಗು ಜಾರಿದ್ದನ್ನು ನಾನು ನೋಡಿದ್ದೇ ಇಲ್ಲ. ಮುದುಕಿಯೇನಲ್ಲ, ನಲವತ್ತೈದರ ಆಸುಪಾಸು. ಆದರೆ ಮಾತು ಮಾತ್ರ ಬಲು ಖಾರ. ಓಣಿಯ ಹಾಲಿನವನೂ ಅವರ ಎದುರಿಗೆ ಅಳತೆ ತಪ್ಪುತ್ತಿರಲಿಲ್ಲ.

ನಮ್ಮ ಕಾಲದ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ಹಾಗಿರಲಿಲ್ಲ. ಗಂಡನಿಗೆ ನೀರು ಬೇಕಾದರೆ ಕಂಬಕ್ಕೆ ಹೇಳುತ್ತಿದ್ದರು, ‘ನೀರು ಬೇಕಾಗಿತ್ತು’ ಅಂತ. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡಿದರೆ ಊಟಕ್ಕೆ ಏಳಬಹುದು ಅಂತ ಅರ್ಥ. ರಾತ್ರಿ ಮಾತ್ರ ಎರಡು ಮಾತು, ಅದೂ ಪಿಸುಮಾತು, ಯಾಕೆಂದರೆ ಅತ್ತೆ ಮಲಗುವುದು ಪಕ್ಕದ ಕೋಣೆಯಲ್ಲಿ. ಮದುವೆಯಾಗಿ ಗಂಡನ ಜೊತೆ ಆಗ ಬಾಳಿದ್ದು ಎರಡೇ ತಿಂಗಳು. ಆ ಎರಡು ತಿಂಗಳಲ್ಲಿ ನಾವು ಹಗಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಒಂದು ಮಾತೂ ಆಡಿರಲಿಲ್ಲ. ಇದು ಆಗ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಆಮೇಲೆ ಅವರಿಗೆ ಕರಾಚಿಯಲ್ಲಿ ನೌಕರಿ ಸಿಕ್ಕಿತು. ಆಗ ಕರಾಚಿಯೂ ನಮ್ಮ ಧಾರವಾಡವೂ ಒಂದೇ ಮುಂಬಯಿ ಇಲಾಖೆ, ಹಾಗಾಗಿ ಅದೇನು ಪರದೇಶವಲ್ಲ ಅಂತ ಎಲ್ಲರೂ ಸಮಾಧಾನ ಹೇಳಿದರು. ಕೆಲಸ ವಿಮಾನದ ಬಯಲಿನಲ್ಲಿ, ಹವೆಯ ಆಫೀಸಿನಲ್ಲಿ. ಬೆಳಿಗ್ಗೆ ಒಂದು ಬಲೂನು ಮೇಲೆ ಬಿಡುವುದು, ದುರ್ಬೀನಿನಿಂದ ಅದನ್ನು ನೋಡುತ್ತ ಎಷ್ಟು ಎತ್ತರದಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಲೆಕ್ಕ ಹಾಕಿ ವಿಮಾನ ನಡೆಸುವವರಿಗೆ ಹೇಳುವುದು. ‘ಬಿ.ಎಸ್ಸಿ. ಓದಿದ ಹುಡಗಾ ಫುಗ್ಗಾ ಬಿಡ್ಲಿಕ್ಕೆ ಹೋದನಲ್ಲವಾ!’ ಅಂತ ಅತ್ತೆ ಓಣಿಯೆಲ್ಲ ಹೇಳಿ ನಕ್ಕರು. ನಕ್ಕವರು ಒಳಗೆ ಬಂದು ಹಿತ್ತಲಲ್ಲಿ ಕೂತು ಅತ್ತರು.

ಹೋಗುವ ಹಿಂದಿನ ರಾತ್ರಿ ಅವರು ನನಗೆ, ಇರಲಿಕ್ಕೆ ಮನೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಅಂದಿದ್ದರು. ಆ ಒಂದು ಮಾತನ್ನು ನಾನು ಗಂಟು ಹಾಕಿಟ್ಟುಕೊಂಡು ಕೂತೆ.

ಕಾಗದಗಳು ಬರುತ್ತಿದ್ದವು. ಬರುವುದು ಅತ್ತೆಯ ಹೆಸರಿಗೆ, ‘ತೀರ್ಥರೂಪ ಮಾತೋಶ್ರೀಯವರ ಚರಣಕ್ಕೆ’ ಅಂತ. ಹೆಂಡತಿಗೆ ಬೇರೆ ಕಾಗದ ಬರೆಯುವುದು ಸಭ್ಯರ ಮನೆಯ ರೂಢಿಯಲ್ಲ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ, ನಾನು ಹೆಣ್ಣುಮಕ್ಕಳ ಸಾಲಿಗೆ ಹೋದವಳು, ಆದ್ದರಿಂದ ನಾನೇ ಗಟ್ಟಿಯಾಗಿ ಓದಬೇಕು. ಅದು ನನ್ನ ಗಂಡನಿಗೂ ಗೊತ್ತಿತ್ತು. ನಾನು ಅತ್ತೆಯ ಮುಂದೆ ಓದಬೇಕಾದ ಕಾಗದದಲ್ಲಿ ಪಾಪ ಅವರು ನನಗೆ ಏನು ಬರೆದಾರು? ಅದಕ್ಕೇ ಗಾಳಿಯ ಸಮಾಚಾರ ಬರೆಯುತ್ತಿದ್ದರು, ಮೈಲಿ ಬರೆಯುತ್ತಿದ್ದರು. ‘ಅವ್ವಾ, ಟಪಾಲು ವಿಮಾನ ಈಗ ವಾರಕ್ಕೊಮ್ಮೆ ಬಳ್ಳಾರಿಯ ಮೇಲೆ ಹಾದು ಮದ್ರಾಸಿಗೆ ಹೋಗುತ್ತದೆ. ಹಡಗು ಮತ್ತು ರೈಲು ಹಿಡಿದು ಬಂದರೆ ಐದು ದಿವಸದ ಹಾದಿ, ವಿಮಾನದಲ್ಲಿ ಒಂದೂವರೆ ದಿವಸ. ಇನ್ನು ನಾನು ದೂರ ಇದ್ದೇನೆ ಅಂತ ತಿಳಿಯಬೇಡ.’ ಕೊನೆಗೆ ‘ಮನೆಯಲ್ಲಿ ಎಲ್ಲರಿಗೂ ಆಶೀರ್ವಾದ.’ ಮನೆಯಲ್ಲಿ ಎಲ್ಲರೂ ಅಂದರೆ ನಾನೊಬ್ಬಳೇ.

ಉತ್ತರವನ್ನೂ ನಾನೇ ಬರೆಯುವುದು. ಅತ್ತೆ ಹೇಳಬೇಕು, ನಾನು ಬರೆಯಬೇಕು, ಬರೆದದ್ದನ್ನು ತಿರುಗಿ ಓದಿ ತೋರಿಸಬೇಕು. ಕೈ ನನ್ನದು, ಮಾತು ಅವರದು. ಒಂದು ಸಾಲು ನನ್ನದಾಗಿ ಸೇರಿಸಬೇಕು ಅಂತ ಎಷ್ಟೋ ಸಲ ಅನ್ನಿಸಿತು, ಧೈರ್ಯ ಬರಲಿಲ್ಲ.

ವರ್ಷ ತುಂಬುವುದರೊಳಗೆ ಕರಾಚಿಯಲ್ಲಿ ಅವರಿಗೆ ಎರಡು ಕೋಣೆಯ ಮನೆ ಸಿಕ್ಕಿತು. ಅದನ್ನೂ ನಾನೇ ಓದಿದೆ, ‘ಎರಡು ಖೋಲಿ, ಹಿಂದೆ ನಳ’. ಓದುವಾಗ ನನ್ನ ದನಿ ನಡುಗಿತು. ಅತ್ತೆ ‘ಛಲೋ ಆತು’ ಅಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದರು. ನಾನು ಕಾದೆ. ಮಗನಾದವನು ‘ಹೆಂಡತಿಯನ್ನು ಕಳಿಸು’ ಅಂತ ತಾಯಿಗೆ ತಾನಾಗಿ ಹೇಳುವುದು ಆಗ ನಾಚಿಕೆಗೇಡು, ತಾಯಿಯೇ ತಿಳಿದು ಕಳಿಸಬೇಕು. ತಾಯಿ ಕಳಿಸುವ ಮಾತು ಆಡಲಿಲ್ಲ, ಮಗ ಕೇಳಲಿಲ್ಲ. ನಾನಂತೂ ಬಾಯಿ ಬಿಡುವ ಹಾಗೇ ಇಲ್ಲ. ಹೀಗೆ ಮೂವರೂ ಸುಮ್ಮನಿದ್ದು ತಿಂಗಳ ಮೇಲೆ ತಿಂಗಳು ಹೋದವು.

ಒಂಟಿತನ ಅಂದರೆ ಏನು ಅಂತ ನನಗೆ ತಿಳಿದದ್ದು ಆಗಲೇ. ಬೆಳಿಗ್ಗೆ ನೀರು, ರಂಗೋಲಿ, ಅಡಿಗೆ. ಮಧ್ಯಾಹ್ನ ಅತ್ತೆ ಹರಿಕಥೆಗೋ ಮಠಕ್ಕೋ ಹೋದರೆ ಮನೆಯಲ್ಲಿ ಗೋಡೆ ಗಡಿಯಾರ ಬಿಟ್ಟರೆ ಸದ್ದಿಲ್ಲ. ಸಂಜೆ ಸ್ಟೇಶನ್ನಿನ ಕಡೆಯಿಂದ ಗಾಡಿ ಕೂಗಿದರೆ ಎದೆ ಧಸಕ್ಕೆನ್ನುತ್ತಿತ್ತು, ಯಾರೂ ಬರುವವರಿಲ್ಲ ಅಂತ ಗೊತ್ತಿದ್ದರೂ. ಅತ್ತೆ ಕೆಟ್ಟವರಲ್ಲ, ಹೊಟ್ಟೆಗೆ ಬಟ್ಟೆಗೆ ಏನೂ ಕಡಿಮೆ ಮಾಡಿದವರಲ್ಲ. ಆದರೆ ನಮ್ಮಿಬ್ಬರ ನಡುವೆ ಮಾತು ಅಂದರೆ ಉಪ್ಪು, ಹುಳಿ, ಮಡಿ, ಮೈಲಿಗೆ. ನನ್ನ ಎದೆಯಲ್ಲಿದ್ದದ್ದು ಒಂದೇ ಮಾತು, ನನ್ನನ್ನೂ ಕರೆದುಕೊಂಡು ಹೋಗಿ ಅಂತ. ಅದನ್ನು ಕೇಳಬೇಕಾದವರ ಮುಂದೆ ಹೇಳಲಿಕ್ಕೆ ಒಂದು ಹಾದಿಯೂ ಇರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಕಾಗದ ಬಂತು. ಅದರಲ್ಲಿ ಎರಡು ಸುದ್ದಿ. ಒಂದು, ಅವರನ್ನು ಬಸರಾಕ್ಕೆ ಹೋಗುತ್ತೀಯೇನು ಅಂತ ಕೇಳಿದ್ದಾರೆ, ಸಮುದ್ರದಾಚೆ ಅರಬರ ದೇಶ, ತಿಂಗಳೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಇನ್ನೊಂದು, ಆಫೀಸಿನ ಕೆಲಸದ ಮೇಲೆ ಅವರು ಟಪಾಲು ವಿಮಾನದಲ್ಲಿ ಮದ್ರಾಸಿಗೆ ಹೋಗುವವರಿದ್ದಾರೆ. ‘ಬಳ್ಳಾರಿಯಲ್ಲಿ ಎಣ್ಣೆ ತುಂಬಿಸಲಿಕ್ಕೆ ವಿಮಾನ ಅರ್ಧ ತಾಸು ನಿಲ್ಲುತ್ತದೆ. ಎರಡು ದಿವಸ ಬಿಟ್ಟು ಅದೇ ಹಾದಿಯಿಂದ ತಿರುಗಿ ಬರುತ್ತದೆ. ಧಾರವಾಡಕ್ಕೆ ಬಂದು ಹೋಗಲಿಕ್ಕೆ ಪುರಸೊತ್ತಿಲ್ಲ. ಆದರೆ ಮೇಲಿನಿಂದ ನಮ್ಮ ಸೀಮೆಯನ್ನಾದರೂ ನೋಡುತ್ತೇನೆ.’

ಓದಿ ಮುಗಿಸಿದೆ. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

‘ಬಳ್ಳಾರಿಗೆ ಗಾಡಿ ಎಷ್ಟೊತ್ತಿಗದ?’ ಅಂದರು.

ನಾನು ಬಾಯಿ ತೆರೆದು ನೋಡಿದೆ.

‘ಏನ್ ನೋಡ್ತಿ? ಮಗಾ ನೆತ್ತಿ ಮ್ಯಾಲೆ ಹಾದು ಹೋಗೂ ಮುಂದ ನಾ ಇಲ್ಲಿ ಬ್ಯಾಳಿ ಕುದಸಕೋತ ಕೂಡ್ಲೇನು? ನೀನೂ ಬಾ. ಬುತ್ತಿ ಹೊರಲಿಕ್ಕೆ ಒಬ್ಬರು ಬೇಕು.’

ಗಂಡು ದಿಕ್ಕಿಲ್ಲದೆ ಇಬ್ಬರು ಹೆಂಗಸರು ಅಷ್ಟು ದೂರ ಹೋಗುವುದೆಂತು ಅಂತ ಓಣಿಯವರು ಕೇಳಿದರೆ, ‘ಕೆಂಪು ಸೀರಿ ಉಟ್ಟಾಕಿಗೆ ಯಾರ ಅಂಜಿಕಿ?’ ಅಂದುಬಿಟ್ಟರು. ಮೂರು ದಿವಸ ಅಡಿಗೆಮನೆಯಲ್ಲಿ ಅಂಟಿನುಂಡಿ, ಚಕ್ಕಲಿ, ಮೆಂತೆಹಿಟ್ಟು. ನಾನು ಉಂಡಿ ಕಟ್ಟುತ್ತ ಮನಸ್ಸಿನಲ್ಲೇ ಆ ಮಾತನ್ನು ಕಟ್ಟುತ್ತಿದ್ದೆ, ಬಿಚ್ಚುತ್ತಿದ್ದೆ. ಹೇಗೆ ಹೇಳಬೇಕು, ಎಲ್ಲಿಂದ ಶುರು ಮಾಡಬೇಕು. ಬಸರಾಕ್ಕೆ ಹೂಂ ಅನ್ನುವ ಮೊದಲು ನನ್ನ ಮಾತು ಅವರ ಕಿವಿಗೆ ಬೀಳಬೇಕು. ಅರ್ಧ ತಾಸಿನಲ್ಲಿ ಒಂದು ಗಳಿಗೆ ಸಿಕ್ಕರೂ ಸಾಕು.

ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಗದಗ ದಾಟಿ, ಇಡೀ ಹಗಲು ಹೋದೆವು. ಕರಿನೆಲದಲ್ಲಿ ಹತ್ತಿ ಆಗಷ್ಟೇ ಕಾಯಿ ಕಟ್ಟಿತ್ತು. ಅತ್ತೆ ಮೈಲಿಗೆಯ ಗಾಡಿಯಲ್ಲಿ ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ, ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಬಳ್ಳಾರಿಯಲ್ಲಿ ಒಂದು ಧರ್ಮಶಾಲೆಯಲ್ಲಿ ಇಳಿದುಕೊಂಡೆವು. ಮರುದಿನ ಮುಂಜಾನೆಯೇ ಟಾಂಗಾ ಮಾಡಿಕೊಂಡು ವಿಮಾನದ ಬಯಲಿಗೆ ಹೋದೆವು.

ನಾನು ಏನೋ ದೊಡ್ಡದನ್ನು ಎಣಿಸಿದ್ದೆ, ಸ್ಟೇಶನ್ನಿನ ಹಾಗೆ ಕಟ್ಟಡ, ಕಟಕಟೆ, ಬಾಗಿಲು. ಬಾಗಿಲು ಇದ್ದೇ ಇರುತ್ತದೆ, ಅದರ ಹಿಂದೆ ನಿಂತು ನಾಲ್ಕು ಮಾತು ಆಡಬಹುದು ಅಂತ ನನ್ನ ಲೆಕ್ಕ. ಅಲ್ಲಿ ನೋಡಿದರೆ ಬರೀ ಬಯಲು. ಒಂದು ತಗಡಿನ ಗುಡಿಸಲು, ಎಣ್ಣೆಯ ಡಬ್ಬಿಗಳು, ದೂರದಲ್ಲಿ ಒಂದು ಬೇವಿನ ಮರ. ಗೋಡೆ ಇಲ್ಲ, ಕಂಬ ಇಲ್ಲ. ಬಯಲಿನ ತುಂಬ ದನ ಮೇಯುತ್ತಿದ್ದವು.

‘ಇಮಾನ ಬರೂ ಹೊತ್ತಿಗೆ ದನಾ ಹೊಡೀತೇನ್ರಿ ಅವ್ವಾರ’ ಅಂದ ಕಾವಲುಗಾರ. ‘ಗಾಳಿ ಯಾಕಡೆ ಐತಿ ಅಂತ ತೋರ್ಸಾಕ ಹೊಗಿ ಹಾಕಬೇಕ್ರಿ. ಹಸೀ ಹುಲ್ಲು ತರಾಕತ್ತೇನಿ. ನೀವು ನೆಳ್ಳಿಗೆ ಕುಂದರ್ರಿ.’

ಹೊತ್ತು ನೆತ್ತಿಗೇರಿತು. ಅವನು ಹೊಗೆ ಹಾಕಿದ. ವಾಯವ್ಯದ ಕಡೆಯಿಂದ ಮೊದಲು ಸದ್ದು ಬಂತು, ಆಮೇಲೆ ಚುಕ್ಕೆ. ಅತ್ತೆ ಕೈಮುಗಿದು ನಿಂತರು. ವಿಮಾನ ಒಂದು ಸುತ್ತು ಹಾಕಿ, ಧೂಳೆಬ್ಬಿಸುತ್ತ ಇಳಿದು ನಮ್ಮ ಮುಂದೆಯೇ ಬಂದು ನಿಂತಿತು. ಎಷ್ಟು ಸಣ್ಣದು! ಒಂದೇ ಎಂಜಿನ್ನು, ಒಳಗೆ ಟಾಂಗಾದಷ್ಟೇ ಜಾಗ. ಮುಂದೆ ನಡೆಸುವವನು, ಹಿಂದೆ ಟಪಾಲಿನ ಚೀಲಗಳು. ಚೀಲಗಳ ನಡುವಿನಿಂದ ಇಳಿದು ಬಂದರು ಅವರು. ಮೈ ಸೊರಗಿತ್ತು, ಕಿವಿಯಲ್ಲಿ ಹತ್ತಿ, ಕೈಯಲ್ಲಿ ಗಡಿಯಾರ.

‘ಅವ್ವಾ! ಇಲ್ಲೀತನಾ ಬಂದ್ಯಾ?’ ಅಂತ ಅತ್ತೆಯ ಕಾಲಿಗೆ ಬಿದ್ದರು. ಕಾಗದಕ್ಕೆ ಉತ್ತರ ಬರೆದಿರಲಿಲ್ಲ, ನಾವು ಬರುವುದು ಅವರಿಗೆ ಗೊತ್ತಿರಲಿಲ್ಲ. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ತಾಯಿಯ ಕಡೆಗೇ ತಿರುಗಿದರು, ಹಾಗೇ ಮಾಡಬೇಕಾಗಿತ್ತು ಕೂಡ.

ತಾಯಿ ಮಗ ಮಾತಾಡಿದರು. ಊಟ ಯಾರು ಹಾಕುತ್ತಾರೆ, ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ, ಮೇಲೆ ಹೋದಾಗ ಅಂಜಿಕೆ ಬರುವುದಿಲ್ಲವೋ. ಅವರು ಬುತ್ತಿ ಬಿಚ್ಚಿ ಅಲ್ಲೇ ಒಂದು ಉಂಡಿ ತಿಂದರು. ನಾನು ಮೂರು ಹೆಜ್ಜೆ ಹಿಂದೆ ನಿಂತಿದ್ದೆ. ಬಿಸಿಲು ಸುಡುತ್ತಿತ್ತು. ಕೆಲಸದವನು ಡಬ್ಬಿಯ ಮೇಲೆ ಡಬ್ಬಿ ಎಣ್ಣೆ ಸುರಿಯುತ್ತಿದ್ದ. ಒಂದೊಂದು ಡಬ್ಬಿ ಖಾಲಿಯಾದಾಗಲೂ ನನ್ನ ಜೀವ ಹಿಡಿಯಷ್ಟಾಗುತ್ತಿತ್ತು.

ಇದ್ದಕ್ಕಿದ್ದ ಹಾಗೆ ಅತ್ತೆ, ‘ಹೊಂಟವರ ಎದುರಿಗೆ ನನ್ನಂಥಾಕಿ ನಿಂದರಬಾರದು. ನಾ ಆ ಗಿಡದ ಕಡೆ ಇರ್ತೀನಿ’ ಅಂದರು. ವಿಧವೆ ಪ್ರಯಾಣಕ್ಕೆ ಹೊರಟವರ ಎದುರು ಬರುವುದು ಅಪಶಕುನ ಅಂತ ನಂಬುವ ಕಾಲ. ಅವರು ತಂಬಿಗೆ ಹಿಡಿದು ಬೇವಿನ ಮರದವರೆಗೆ ನಡೆದು ಹೋದರು. ಸುಡುವ ನೆಲದಲ್ಲಿ ಬರಿಗಾಲು. ಅಲ್ಲಿ ನಮ್ಮ ಕಡೆ ಬೆನ್ನು ಮಾಡಿ ಕೂತರು.

ಈಗ ನಾವಿಬ್ಬರೇ. ಬೇಡಿದ್ದು ಸಿಕ್ಕಿತ್ತು. ಒಂದು ಗಳಿಗೆಯಲ್ಲ, ಹತ್ತು ಗಳಿಗೆ ಸಿಕ್ಕ ಹಾಗಿತ್ತು.

ಹಗಲು. ನಡುಮಧ್ಯಾಹ್ನದ ಬಿಸಿಲು. ಸುತ್ತಲೂ ದಿಗಂತದವರೆಗೆ ಬಯಲು. ನನ್ನ ಗಂಡ ಅಂಥ ಬೆಳಕಿನಲ್ಲಿ ನನ್ನ ಎದುರು ನಿಂತಿದ್ದು ಅದೇ ಮೊದಲು. ನಾನು ಅವರ ಬೂಟು ನೋಡಿದೆ. ಕಟ್ಟಿಟ್ಟ ಮಾತು ಹೊರಗೆ ಬರಲಿಲ್ಲ. ಅವರು ಬೂಟಿನಿಂದ ಒಂದು ಕಲ್ಲು ಸರಿಸಿದರು. ಒಮ್ಮೆ ಕೆಮ್ಮಿದರು. ಕೈ ಹಿಂದೆ ಕಟ್ಟಿಕೊಂಡು ಆಕಾಶ ನೋಡಿದರು. ಅವರಿಗೂ ನಾಚಿಕೆ ಅಂತ ನನಗೆ ತಿಳಿಯಿತು, ತಿಳಿದು ಇನ್ನೂ ನಾಚಿಕೆಯಾಯಿತು.

‘ಗಾಳಿ ಮೂಡಲಿಂದ ಅದ’ ಅಂದರು.

‘ಹೂಂ’ ಅಂದೆ.

ಅರ್ಧ ತಾಸಿನಲ್ಲಿ ನಾವು ಗಂಡ ಹೆಂಡತಿ ಆಡಿದ ಮಾತು ಇಷ್ಟೇ. ವಿಮಾನ ನಡೆಸುವವನು ಕೈ ಬೀಸಿದ. ಅವರು ನನ್ನ ಕಡೆ ಒಮ್ಮೆ ನೋಡಿ, ಬುತ್ತಿಯ ಗಂಟು ಎತ್ತಿಕೊಂಡು ಚೀಲಗಳ ನಡುವೆ ಹೋಗಿ ಕೂತರು. ಧೂಳು ನನ್ನ ಕಣ್ಣಿಗೆಲ್ಲ ಹೊಕ್ಕಿತು. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ವಿಮಾನ ಮತ್ತೆ ಚುಕ್ಕೆಯಾಗಿತ್ತು. ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಅಲ್ಲೇ ನಿಂತು ತುಟಿ ಕಚ್ಚಿಕೊಂಡೆ, ರಕ್ತ ಬಂತು.

ಟಾಂಗಾ ಹಿಡಿದು ತಿರುಗಿ ಬಂದೆವು. ಧರ್ಮಶಾಲೆಯಲ್ಲಿ ಕಾಲು ತೊಳೆದುಕೊಂಡು ಕೂತ ಮೇಲೆ ಅತ್ತೆ ಕೇಳಿದರು.

‘ಕೇಳಿದೇನು?’

‘ಏನ್ರಿ ಅತ್ಯಾ?’

‘ಏನ್ರಿ ಅಂತ ಏನ್ರಿ! ಕರಕೊಂಡು ಹೋಗ್ರಿ ಅಂತ ಕೇಳಿದ್ಯೋ ಇಲ್ಲೋ?’

ಈ ಹೆಂಗಸಿಗೆ ಹೇಗೆ ಗೊತ್ತು? ನಾನು ತಲೆ ಅಲ್ಲಾಡಿಸಿದೆ.

‘ಅಯ್ಯ ಖೋಡಿ! ಬಾಯಾಗ ಕಡಬು ತುಂಬಿತ್ತೇನ? ಹೆತ್ತ ತಾಯಿಗೆ ಎಲ್ಲೀ ಅಪಶಕುನ? ನೀ ಮಾತಾಡ್ಲಿ ಅಂತ ನಾ ಅಂಥಾ ಬಿಸಲಾಗ ಕಾಲು ಸುಟಗೊಂಡು ಅಷ್ಟು ದೂರ ಹೋಗಿ ಕೂತರ, ನೀ ಇಲ್ಲಿ ಗೊಂಬಿ ಹಂಗ ನಿಂತು ಬಂದಿ!’

ನಾನು ಅಳತೊಡಗಿದೆ. ಒಂದೂವರೆ ವರ್ಷದ ಅಳು ಒಮ್ಮೆಲೇ ಬಂತು. ಅತ್ತೆ ಬೈಯುತ್ತಲೇ ಇದ್ದರು. ಬೈದು ಮುಗಿಸಿ, ಅಂಗಾಲಿನ ಬೊಬ್ಬೆಗೆ ಎಣ್ಣೆ ಹಚ್ಚಿಕೊಳ್ಳುತ್ತ, ‘ಆತು, ಸುಮ್ನಾಗು. ನಾಡದ ತಿರಗಿ ಬರ್ತದಲ್ಲಾ ಆ ಹಾಳು ಇಮಾನ? ಇಲ್ಲೇ ಇರೂಣು’ ಅಂದರು.

ಮರುದಿನ ಅವರು ನನ್ನನ್ನು ಧರ್ಮಶಾಲೆಯ ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದರು. ತಾವು ಎದುರಿಗೆ ನಿಂತರು.

‘ಈಗ ನಾನಽ ಅವಾ ಅಂತ ತಿಳಕೋ. ಹೇಳು.’

‘ಅತ್ಯಾ, ಹೆಂಗ್ರಿ...’

‘ಅತ್ಯಾ ಅಲ್ಲ, ನಿನ್ನ ಗಂಡ!’ ಅಂತ ಅವರು ಕೈ ಹಿಂದೆ ಕಟ್ಟಿಕೊಂಡು, ಹೊಟ್ಟೆ ತುಸು ಮುಂದೆ ಮಾಡಿ, ಮಗನ ಹಾಗೆಯೇ ಆಕಾಶ ನೋಡಿದರು. ಕೆಂಪು ಸೀರೆಯಲ್ಲಿ ಆ ಠೀವಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ನಗು ಬಂತು. ನಾವಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು ಅಂತ ಕಾಣುತ್ತದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

‘ನನ್ನನ್ನ... ಕರಕೊಂಡು ಹೋಗ್ರಿ’ ಅಂದೆ.

‘ನೆಲಾ ನೋಡಬ್ಯಾಡ. ನೆಲಾ ಏನು ನಿನ್ನ ಕರಾಚಿಗೆ ಕರಕೊಂಡು ಹೋಗ್ತದ? ಮಾರಿ ನೋಡಿ ಹೇಳು.’

‘ನನ್ನನ್ನ ಕರಕೊಂಡು ಹೋಗ್ರಿ.’

‘ಗಟ್ಟಿಯಾಗಿ! ಅವನ ಕಿವ್ಯಾಗ ಹತ್ತಿ ಇರ್ತದ.’

‘ನನ್ನನ್ನ ಕರಕೊಂಡು ಹೋಗ್ರಿ!’

‘ಆತು, ನಡಿ’ ಅಂದರು ಅತ್ತೆ, ಮಗನ ದನಿಯಲ್ಲಿ.

ಆ ದಿನ ಎಷ್ಟು ಸಲ ಹೇಳಿಸಿದರೋ. ಅಡಿಗೆ ಮಾಡುವಾಗ, ಬಟ್ಟೆ ಒಣಗಹಾಕುವಾಗ, ಹಠಾತ್ತನೆ ತಿರುಗಿ ‘ಹೇಳು’ ಅನ್ನುವರು. ನಾನು ಅವರ ಮುಖ ನೋಡಿ ಹೇಳಬೇಕು. ಪ್ರತಿ ಸಲವೂ ‘ಆತು, ನಡಿ’ ಅಂತ ಉತ್ತರ. ಸಂಜೆಯ ಹೊತ್ತಿಗೆ ನನ್ನ ದನಿಯಲ್ಲಿ ನಡುಕ ಹೋಗಿತ್ತು. ಹಗಲು ಬೆಳಕಿನಲ್ಲಿ ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ನನಗೆ ಬೇಕಾದದ್ದನ್ನು ಹೇಳುವುದು ಇಷ್ಟು ಸರಳ ಅಂತ ನನಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಬಯಲಿಗೆ ಬೇಗನೆ ಹೋದೆವು. ಕಾವಲುಗಾರ ದನ ಹೊಡೆದ, ಹೊಗೆ ಹಾಕಿದ. ಈ ಸಲ ಸದ್ದು ಬಂದದ್ದು ಆಗ್ನೇಯದಿಂದ. ಅತ್ತೆ ಮೊದಲೇ ಬೇವಿನ ಮರದ ಕೆಳಗೆ ಹೋಗಿ, ಬೆನ್ನು ಮಾಡಿ ಕೂತುಬಿಟ್ಟಿದ್ದರು. ನಾನು ಬಯಲಿನಲ್ಲಿ ಒಬ್ಬಳೇ ನಿಂತಿದ್ದೆ. ಅಂಜಿಕೆ ಇರಲಿಲ್ಲ. ಮಾತು ನಾಲಿಗೆಯ ತುದಿಯಲ್ಲಿತ್ತು.

ವಿಮಾನ ಇಳಿಯಿತು. ನಡೆಸುವವನು ಹೊರಗೆ ಬಂದು ಮೈ ಮುರಿದ. ಹಿಂದೆ ಚೀಲಗಳಿದ್ದವು, ಬಾಗಿಲ ತನಕ ಒತ್ತಿ ತುಂಬಿದ ಚೀಲಗಳು. ಮನುಷ್ಯರು ಕೂಡುವಷ್ಟು ಜಾಗ ಇರಲಿಲ್ಲ.

ತಗಡಿನ ಗುಡಿಸಲಿನಲ್ಲಿದ್ದ ಗುಮಾಸ್ತರು ವಿಮಾನ ನಡೆಸುವವನನ್ನು ಕೇಳಿ ಬಂದು ಹೇಳಿದರು. ‘ಈ ಸಲಾ ವಿಲಾಯತಿ ಟಪಾಲು ಭಾಳ ಅದ ಅಂತ್ರಿ ತಾಯಿ. ವಜನ ಹೆಚ್ಚಾತು ಅಂತ ಅವರನ್ನ ಮದ್ರಾಸಿನ್ಯಾಗ ಬಿಟ್ಟು ಬಂದಾರ. ರೈಲಿನ್ಯಾಗ ರಾಯಚೂರ ಮ್ಯಾಲಿಂದ ಮುಂಬಯಿಗೆ ಹೋದ್ರಂತ.’

ಅತ್ತೆಗೆ ನಾನೇ ಹೋಗಿ ಹೇಳಬೇಕಾಯಿತು. ಅವರು ಮರದ ಕೆಳಗೆ ಕಣ್ಣು ಮುಚ್ಚಿ ಕೂತಿದ್ದರು, ತುಟಿ ಅಲ್ಲಾಡುತ್ತಿದ್ದವು, ಏನೋ ಸ್ತೋತ್ರ. ನಾನು ಹತ್ತಿರ ಹೋದದ್ದು ಕೇಳಿ, ಕಣ್ಣು ತೆರೆಯದೆಯೇ, ‘ಏನಂದಾ?’ ಅಂದರು.

‘ಅವರು ಬಂದಿಲ್ರಿ’ ಅಂದೆ.

ತಿರುಗಿ ಬರುವ ಗಾಡಿಯಲ್ಲಿ ಹೆಚ್ಚು ಜನ ಇರಲಿಲ್ಲ. ನಾವು ಎದುರುಬದುರು ಕಿಡಕಿಯ ಹತ್ತಿರ ಕೂತಿದ್ದೆವು. ಹೊಸಪೇಟೆ ದಾಟಿತು. ಅತ್ತೆ ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ಅವರನ್ನು ನಗಿಸಬೇಕು ಅಂತ ನನಗೆ ಅನ್ನಿಸಿತು, ಪಾಪ, ನನಗಾಗಿ ಎಷ್ಟು ದಣಿದಿದ್ದರು. ನಾನು ನೆಟ್ಟಗೆ ಕೂತು, ಅವರ ಮುಖ ನೋಡಿ, ಅವರು ಕಲಿಸಿದ ಹಾಗೆಯೇ ಗಟ್ಟಿಯಾಗಿ ಅಂದೆ:

‘ನನ್ನನ್ನ ಕರಕೊಂಡು ಹೋಗ್ರಿ.’

ಅವರು ‘ಆತು, ನಡಿ’ ಅನ್ನಲಿಲ್ಲ. ಕಿಡಕಿಯ ಕಡೆ ಮುಖ ತಿರುಗಿಸಿದರು. ನನಗೆ ಅಲ್ಲ, ಹೊರಗಿನ ಹೊಲಕ್ಕೆ ಹೇಳಿದ ಹಾಗೆ ಅಂದರು.

‘ನೀ ಹೋದಮ್ಯಾಲೆ ಆ ಮನ್ಯಾಗ ನಾ ಯಾರ ಕೂಡ ಮಾತಾಡ್ಲೆವಾ?’

ಈ ಹೆಂಗಸು ತನ್ನ ಮನೆ ಖಾಲಿ ಮಾಡುವ ಮಾತನ್ನು ನನಗೆ ಇಡೀ ದಿವಸ ಬಾಯಿಪಾಠ ಮಾಡಿಸಿತ್ತು. ಪ್ರತಿ ಸಲ ‘ಆತು, ನಡಿ’ ಅಂದಾಗ ಒಳಗೆ ಏನಾಗುತ್ತಿತ್ತೋ, ಅದನ್ನು ಒಮ್ಮೆಯೂ ಮುಖದ ಮೇಲೆ ತೋರಗೊಟ್ಟಿರಲಿಲ್ಲ. ನಾನು ಒಂದೂವರೆ ವರ್ಷ ನನ್ನೊಬ್ಬಳ ಹಾದಿಯನ್ನೇ ಅಳೆಯುತ್ತ ಕೂತಿದ್ದೆ. ಹುಬ್ಬಳ್ಳಿ ಬಂತು. ಗಾಡಿ ಬದಲಿಸುವಾಗ ಅವರ ತಂಬಿಗೆಯನ್ನು ನಾನು ಹಿಡಿದುಕೊಂಡೆ, ಮಡಿ ಅಂತ ಅವರು ಬೇಡ ಅನ್ನಲಿಲ್ಲ.

ಆ ಮಾತನ್ನು ಅತ್ತೆ ಕಾಗದದಲ್ಲಿ ಬರೆಸಲಿಲ್ಲ, ನಾನೂ ಬರೆಯಲಿಲ್ಲ. ನನ್ನ ಗಂಡ ಬಸರಾಕ್ಕೆ ಹೂಂ ಅಂದರು. ಆಮೇಲಿನ ಕಾಗದಗಳಲ್ಲಿ ಬಸರಾದಿಂದ ಕರಾಚಿಗೆ ಎಷ್ಟು ತಾಸು ಅನ್ನುವುದೂ ಸೇರಿಕೊಂಡಿತು. ಅತ್ತೆ ಅದನ್ನು ಕೇಳಿ ‘ಹೂಂ, ಹೂಂ, ಮುಂದ ಓದು’ ಅನ್ನುತ್ತಿದ್ದರು. ಈಗ ನಾವಿಬ್ಬರೂ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹಾಳುಹರಟೆ ಹೊಡೆಯುತ್ತಿದ್ದೆವು. ಆದರೂ ಸಂಜೆ ಗಾಡಿ ಕೂಗಿದರೆ ಎದೆ ಧಸಕ್ಕೆನ್ನುವುದು ಬಿಟ್ಟಿರಲಿಲ್ಲ. ಆ ಆಸೆ ಹೋಯಿತು ಅಂತ ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಮರುವರ್ಷ ಅವರು ರಜೆಯ ಮೇಲೆ ಬಂದರು. ಬಸರಾದಲ್ಲಿ ದೊಡ್ಡ ಮನೆ ಕೊಟ್ಟಿದ್ದಾರೆ, ನಮ್ಮ ಕಡೆಯ ಎರಡು ಸಂಸಾರಗಳೂ ಅಲ್ಲಿವೆ ಅಂದರು. ಪರದೇಶದ ನೀರು ಕುಡಿದು ಅವರ ಸಂಕೋಚವೂ ತುಸು ಕಡಿಮೆಯಾಗಿತ್ತು. ಒಂದು ದಿವಸ ಮುಂಜಾನೆ ನಾನು ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅತ್ತೆ ಒಳಗೆ ಒಲೆ ಊದುತ್ತಿದ್ದರು, ಊದುಗೊಳವೆಯ ಸದ್ದು ಕೇಳುತ್ತಿತ್ತು. ನನ್ನ ಗಂಡ ಬಂದು ಎದುರಿಗೆ ನಿಂತರು. ಹಾಡೇ ಹಗಲು. ಕಂಬಕ್ಕಲ್ಲ, ನನಗೇ ಕೇಳಿದರು.

‘ನೀ ನನ್ನ ಕೂಡ ಬರ್ತೀಯೇನು? ಭಾಳ ದೂರ ಏನಿಲ್ಲ, ಕರಾಚಿಯಿಂದ ಎರಡ ದಿವಸದ ಹಾದಿ.’

ಒಳಗೆ ಊದುಗೊಳವೆಯ ಸದ್ದು ನಿಂತಿತು.

ಹೋಗಬೇಕು ಅಂತ ನನಗೆ ಆ ಗಳಿಗೆಯಲ್ಲಿ ಅನ್ನಿಸಿದಷ್ಟು ಜನ್ಮದಲ್ಲಿ ಯಾವತ್ತೂ ಅನ್ನಿಸಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟೆ. ನೆಲ ನೋಡಲಿಲ್ಲ. ಅವರ ಮುಖವನ್ನೇ ನೋಡಿ, ಅಡಿಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ, ‘ಇಲ್ರಿ, ನಾ ಬರೂದಿಲ್ಲ’ ಅಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಒಳಗೆ ಅತ್ತೆ ಮತ್ತೆ ಒಲೆ ಊದತೊಡಗಿದರು.